ಹುಲಿ ಯಾರದು? ಕಾಡಂಚಿನ ಒಂದು ಹಳೆಯ ವ್ಯಾಜ್ಯ

ಊರಿನ ಹೆಸರುಗಳು ಇತಿಹಾಸದ ವಿದ್ಯಾರ್ಥಿಗೆ ಶಾಸನಗಳಷ್ಟೇ ಉಪಯುಕ್ತವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹುಲಿಯೂರುದುರ್ಗ, ಹುಲಿಕಲ್ಲು, ಹುಲಿಕೆರೆ ಎಂಬ ಹೆಸರುಗಳನ್ನು ಕೇಳಿದೊಡನೆ ಆ ಸ್ಥಳಗಳಲ್ಲಿ ಒಂದಾನೊಂದು ಕಾಲಕ್ಕೆ ಯಾರ ಸಂಚಾರವಿತ್ತೆಂಬುದು ಹೊಳೆಯುತ್ತದೆ. (ಹುಳಿಯಾರು, ಹುಳಿಮಾವುಗಳನ್ನು ಈ ಪಟ್ಟಿಗೆ ಸೇರಿಸಬಾರದು. ಇಂಗ್ಲಿಷಿನಲ್ಲಿ ಬರೆದ ಫಲಕಗಳನ್ನು ಓದಿ ಓದಿ ನಮ್ಮ ಮಕ್ಕಳಿಗೆ ಹುಳಿಗೂ ಹುಲಿಗೂ ವ್ಯತ್ಯಾಸವೇ ತಿಳಿಯದಂತಾಗಿದೆ!) ಊರಿಗೆ ಒಂದು ಪ್ರಾಣಿಯ ಹೆಸರಿಡುವುದು ಪ್ರೀತಿಯಿಂದಲೋ ಭಯದಿಂದಲೋ ಎಂಬುದು ಮಾತ್ರ ಹೆಸರಿನಿಂದ ತಿಳಿಯುವುದಿಲ್ಲ. ಅದಕ್ಕೆ ಬೇರೆ ಸಾಕ್ಷ್ಯಗಳನ್ನು ಹುಡುಕಬೇಕು.

ಈ ವಿಷಯವಾಗಿ ಬರೆಯುವಂತೆ ನನ್ನನ್ನು ಒತ್ತಾಯಿಸಿದವನು ಗುಂಡ್ಲುಪೇಟೆ ಸೀಮೆಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನ ಊರಿನಿಂದ ಕಾಡಿನ ಕಂದಕಕ್ಕೆ ಕೂಗಳತೆಯ ದೂರ. ನಗರದಿಂದ ಬಂದ ಯಾರೋ ಒಬ್ಬರು ಒಂದು ಸಭೆಯಲ್ಲಿ, “ನಿಮ್ಮ ಪೂರ್ವಜರು ಕಾಡುಪ್ರಾಣಿಗಳೊಡನೆ ಸಾಮರಸ್ಯದಿಂದ ಬದುಕಿದ್ದರು, ನೀವು ಅದನ್ನು ಮರೆತಿದ್ದೀರಿ” ಎಂದು ಉಪದೇಶ ಮಾಡಿದರಂತೆ. “ಇದು ನಿಜವಾ ಸಾರ್? ನೀವು ಇತಿಹಾಸ ಹೇಳ್ಕೊಟ್ಟೋರು, ನೀವೇ ಹೇಳಿ” ಎಂದು ಅವನು ದೂರವಾಣಿಯಲ್ಲಿ ಕೇಳಿದ. ಪ್ರಶ್ನೆ ಸರಳವಾಗಿದೆ. ಉತ್ತರ ಅಷ್ಟು ಸರಳವಲ್ಲವಾದ್ದರಿಂದ ಈ ಲೇಖನ ಸ್ವಲ್ಪ ದೀರ್ಘವಾಗಿದೆ. ಓದುಗರು ಸಹಿಸಿಕೊಳ್ಳಬೇಕು.

ಮೊದಲು ಕಲ್ಲುಗಳ ಸಾಕ್ಷ್ಯವನ್ನು ನೋಡೋಣ. ಕನ್ನಡನಾಡಿನಲ್ಲಿ, ಅದರಲ್ಲಿಯೂ ಮಲೆನಾಡಿನ ಅಂಚಿನಲ್ಲಿ, ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ಹಲವಾರು ದೊರೆತಿವೆ. ಒಂದು ಕೈಯಲ್ಲಿ ಕಠಾರಿ, ಎದುರಿಗೆ ಹಿಂಗಾಲ ಮೇಲೆ ಎದ್ದು ನಿಂತ ಹುಲಿ. ಮೇಲಿನ ಪಟ್ಟಿಕೆಯಲ್ಲಿ ವೀರನನ್ನು ಒಯ್ಯುತ್ತಿರುವ ಅಪ್ಸರೆಯರು. ತುರುಗಳನ್ನು ಕಳ್ಳರಿಂದ ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೆ ಯಾವ ಗೌರವ ಸಲ್ಲುತ್ತಿತ್ತೋ ಅದೇ ಗೌರವ ತುರುಗಳನ್ನು ಹುಲಿಯಿಂದ ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೂ ಸಲ್ಲುತ್ತಿತ್ತು ಎಂಬುದನ್ನು ಗಮನಿಸಬೇಕು. ಊರಿನ ದೃಷ್ಟಿಯಲ್ಲಿ ಇಬ್ಬರ ಮರಣವೂ ಒಂದೇ ಜಾತಿಯದು. ಹೊಯ್ಸಳ ವಂಶದ ಮೂಲಪುರುಷನೆನಿಸಿದ ಸಳನ ಐತಿಹ್ಯವಂತೂ ನಿಮಗೆಲ್ಲ ಗೊತ್ತೇ ಇದೆ. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದಿನ ಸೊಸೆವೂರಿನ ವಾಸಂತಿಕಾ ದೇವಿಯ ಗುಡಿಯ ಬಳಿ ಎರಗಿದ ಹುಲಿಯನ್ನು ಆತ ಮುನಿಯ ಅಪ್ಪಣೆಯಂತೆ ಹೊಡೆದನೆಂಬುದು ಕಥೆ. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಒಂದು ರಾಜವಂಶವು ತನ್ನ ಆಳುವ ಹಕ್ಕಿಗೆ ಆಧಾರವಾಗಿ ಯುದ್ಧವೊಂದರ ಗೆಲುವನ್ನು ಹೇಳಿಕೊಳ್ಳದೆ ಹುಲಿಯೊಂದನ್ನು ಕೊಂದದ್ದನ್ನು ಹೇಳಿಕೊಂಡಿತಲ್ಲ, ಆ ಕಾಲದ ಪ್ರಜೆಗಳು ಅರಸನಿಂದ ಮೊಟ್ಟಮೊದಲು ಏನನ್ನು ಬಯಸುತ್ತಿದ್ದರೆಂಬುದು ಅದರಿಂದ ತಿಳಿಯುತ್ತದೆ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತದ್ದನ್ನು ಕಲ್ಲಿನಲ್ಲಿ ಕೆತ್ತಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನು ಬಿಟ್ಟಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನೊಂದು ಬಗೆಯ ಸಾಕ್ಷ್ಯ ದೇವರುಗಳದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿವೀರಪ್ಪನನ್ನು ಪೂಜಿಸುತ್ತಾರೆ. ಮಲೆಯ ಮಹದೇಶ್ವರನು ಹುಲಿಯನ್ನೇ ವಾಹನವಾಗಿ ಮಾಡಿಕೊಂಡವನು. ತುಳುನಾಡಿನಲ್ಲಿ ಪಿಲಿಚಾಮುಂಡಿ ಇದ್ದಾಳೆ. ಇವನ್ನೇ ಮುಂದೊಡ್ಡಿ ‘ಸಾಮರಸ್ಯ’ದ ವಾದವನ್ನು ಹೂಡುವುದುಂಟು. ಆದರೆ ಪೂಜೆಗೆ ಕಾರಣ ಪ್ರೀತಿಯೊಂದೇ ಆಗಬೇಕಿಲ್ಲ. ಮಾರಿಯನ್ನೂ ನಾವು ಪೂಜಿಸುತ್ತೇವೆ. ನಮ್ಮ ಅಜ್ಜಿ ಕತ್ತಲಾದ ಮೇಲೆ ಹುಲಿ ಎಂಬ ಶಬ್ದವನ್ನು ಉಚ್ಚರಿಸಲು ಬಿಡುತ್ತಿರಲಿಲ್ಲ. ಹಾವನ್ನು ‘ಹುಳ’ ಎನ್ನುವಂತೆ ಅದನ್ನು ‘ದೊಡ್ಡದು’ ಎನ್ನಬೇಕಿತ್ತು. ನಾವೆಲ್ಲ ಬಾಯಿಪಾಠ ಮಾಡಿದ ಗೋವಿನ ಹಾಡಿನಲ್ಲಿಯೂ ಪುಣ್ಯಕೋಟಿಯ ಸತ್ಯಸಂಧತೆಗೆ ಮನಸೋತು ಕೊನೆಗೆ ಪ್ರಾಣ ಬಿಡುವುದು ಹುಲಿಯೇ ಹೊರತು ಹಸುವಲ್ಲ. ಪಂಡಿತರು ಅದಕ್ಕೆ ಏನೇ ತಾತ್ಪರ್ಯ ಹೇಳಲಿ, ದನ ಕಾಯುವವರ ನಡುವೆ ಬಾಳಿದ ಒಂದು ಹಾಡು ಬೇರೆ ರೀತಿಯಲ್ಲಿ ಮುಗಿಯಲು ಸಾಧ್ಯವಿರಲಿಲ್ಲವೆಂದು ನನಗೆ ತೋರುತ್ತದೆ.

ಹಾಗಾದರೆ ಹಿಂದಿನವರು ಹುಲಿಯ ಕಡುವೈರಿಗಳಾಗಿದ್ದರೇ? ಅದೂ ಪೂರ್ತಿ ಸರಿಯಲ್ಲ. ಈ ಭಾಗಕ್ಕೆ ಸಂಬಂಧಿಸಿದಂತೆ ನಮಗೆ ಒಬ್ಬ ಒಳ್ಳೆಯ ಸಾಕ್ಷಿ ಇದ್ದಾನೆ. ಜಿ.ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಮೈಸೂರು ಸಂಸ್ಥಾನದ ನಾಲೆಗಳ ಮೇಲ್ವಿಚಾರಣೆಯಲ್ಲಿದ್ದು, ಚಾಮರಾಜನಗರದ ಬಳಿ ಬಹುಕಾಲ ಬಿಡಾರ ಮಾಡಿಕೊಂಡಿದ್ದವನು. 1874ರಲ್ಲಿ ಖೆಡ್ಡಾ ವಿಧಾನದಿಂದ ಆನೆಗಳನ್ನು ಹಿಡಿಸಿ ಹೆಸರಾದವನು ಆತನೇ. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ನಮ್ಮ ಸೀಮೆಯ ಹಳ್ಳಿಗರು ಹುಲಿಯನ್ನು ಬಲೆಯಿಂದ ಹಿಡಿಯುತ್ತಿದ್ದ ಕ್ರಮದ ವರ್ಣನೆ ಇದೆ. ಹುಲಿ ಅಡಗಿರುವ ಪೊದೆಯನ್ನು ಹಗ್ಗದ ಬಲೆಗಳಿಂದ ಸುತ್ತುವರಿದು, ಊರವರೆಲ್ಲ ಈಟಿ ಹಿಡಿದು ನಿಂತು, ಹುಲಿ ಬಲೆಗೆ ಬಿದ್ದೊಡನೆ ತಿವಿಯುವುದು. ಇದು ಒಬ್ಬನ ಶೌರ್ಯದ ಕೆಲಸವಲ್ಲ, ಇಡೀ ಊರಿನ ಕೆಲಸ. ಬಲೆ ಹೆಣೆಯುವುದು, ಅದನ್ನು ಜೋಪಾನವಾಗಿ ಇಡುವುದು, ಸುದ್ದಿ ಬಂದಾಗ ಗಂಡಸರೆಲ್ಲ ಸೇರುವುದು, ಇವೆಲ್ಲಕ್ಕೂ ಕಟ್ಟುಪಾಡು ಬೇಕಾಗುತ್ತದೆ. ಕೆರೆಯ ಹೂಳೆತ್ತುವುದು ಹೇಗೋ ಹಾಗೆ.

ಅದೇ ಸ್ಯಾಂಡರ್ಸನ್ ಮತ್ತೊಂದು ಮಾತನ್ನೂ ಬರೆಯುತ್ತಾನೆ, ಮತ್ತು ಅದು ಆ ಕಾಲಕ್ಕೆ ಬಲು ವಿಶೇಷವಾದದ್ದು. ನರಭಕ್ಷಕ ಹುಲಿಯ ಭಯಾನಕತೆಯನ್ನು ಅವನು ಕಣ್ಣಾರೆ ಕಂಡವನು. ಅಂಥದ್ದನ್ನು ಕೊಲ್ಲಲೇಬೇಕೆಂಬುದರಲ್ಲಿ ಅವನಿಗೆ ಸಂಶಯವಿಲ್ಲ. ಆದರೆ ಎಲ್ಲ ಹುಲಿಗಳನ್ನೂ ನಿರ್ಮೂಲ ಮಾಡಹೊರಡುವುದು ರೈತನಿಗೆ ಉಪಕಾರವಲ್ಲ, ಜಿಂಕೆ ಹಂದಿಗಳನ್ನು ತಿಂದು ಬೆಳೆಯನ್ನು ಉಳಿಸಿಕೊಡುವುದೂ ಹುಲಿಯೇ, ಅಪರೂಪಕ್ಕೊಂದು ದನ ಹೋಗುವುದನ್ನು ಹಳ್ಳಿಗರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಅವನು ಆಡಿದ್ದಾನೆ. ಅಂದರೆ ಲೆಕ್ಕಾಚಾರವೊಂದು ಇತ್ತು. ಇಂತಿಷ್ಟು ಹೋದರೆ ಸಹಿಸುವುದು, ಎಲ್ಲೆ ಮೀರಿದರೆ ಬಲೆ ತೆಗೆಯುವುದು. ಸಾಮರಸ್ಯವೆಂದು ನಾವು ಇಂದು ಕರೆಯುವುದು ಬಹುಮಟ್ಟಿಗೆ ಈ ಲೆಕ್ಕಾಚಾರವೇ ಇರಬೇಕು. ಎಲ್ಲೆ ಯಾವುದೆಂಬುದನ್ನು ತೀರ್ಮಾನಿಸುವ ಅಧಿಕಾರ ಊರಿನ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಆ ಅಧಿಕಾರ ಕೈ ಬದಲಾದ ಕಥೆ.

ಸ್ಯಾಂಡರ್ಸನ್ನನ ಮಾತನ್ನು ಅಂದಿನ ಸರ್ಕಾರ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹುಲಿ, ಚಿರತೆ, ತೋಳಗಳ ತಲೆಗೆ ಇನಾಮು ಕೊಡುವ ಪದ್ಧತಿ ದೇಶದಾದ್ಯಂತ ಮುಂದುವರಿಯಿತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80 ಸಾವಿರಕ್ಕೂ ಹೆಚ್ಚು ಹುಲಿಗಳು, ಒಂದೂವರೆ ಲಕ್ಷಕ್ಕೂ ಮಿಕ್ಕಿ ಚಿರತೆಗಳು, ಎರಡು ಲಕ್ಷದಷ್ಟು ತೋಳಗಳು ಭಾರತದಲ್ಲಿ ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಕೊಟ್ಟಿದ್ದಾರೆ. ಈ ಸಂಖ್ಯೆಗಳನ್ನು ಓದುವಾಗ ಸ್ವಲ್ಪ ನಿಧಾನಿಸಬೇಕು. ತೋಳದ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡನ್ನು 1974ರಲ್ಲಿ ತೋಳಗಳ ಸಲುವಾಗಿ ವನ್ಯಧಾಮವೆಂದು ಘೋಷಿಸಿದರೆಂಬುದು ಆ ದೇವಸ್ಥಾನಕ್ಕೆ ನೂರು ಬಾರಿ ಹೋದವರಿಗೂ ತಿಳಿದಿರುವುದಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲರ್ಧದ ಚಿತ್ರ ನಮ್ಮ ಕಣ್ಣಿಗೆ ಕಟ್ಟುವಂತೆ ಸಿಕ್ಕುವುದು ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳಲ್ಲಿ. ಪೂರ್ಣಚಂದ್ರ ತೇಜಸ್ವಿಯವರು ಅವುಗಳನ್ನು ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಾಗ ನಮ್ಮ ಶಾಲೆಯ ವಾಚನಾಲಯದ ಪ್ರತಿಗಳು ಕೈಯಿಂದ ಕೈಗೆ ಹೋಗಿ ರಟ್ಟು ಕಳಚಿ ಬಂದಿದ್ದವು. (ಮರಳಿಸದೆ ಉಳಿಸಿಕೊಂಡವರು ಈಗಲಾದರೂ ಮನಸ್ಸು ಮಾಡಬಹುದು!) ಆ ಕಥೆಗಳಲ್ಲಿ ಬೇಟೆಗಾರನೇ ನಾಯಕ. ಆದರೆ ಮತ್ತೊಮ್ಮೆ ಓದುವವರು ಹಳ್ಳಿಯವರ ಮೇಲೆ ಕಣ್ಣಿಡಬೇಕು. ಹೊತ್ತು ಮುಳುಗುವ ಮುನ್ನವೇ ಕದ ಹಾಕಿಕೊಳ್ಳುವ ಊರುಗಳು, ಕಟಾವಿಗೆ ಬಂದರೂ ಹೊಲದಲ್ಲಿಯೇ ನಿಂತ ಪೈರು, ನಡೆದಾಡುವವರಿಲ್ಲದೆ ಹುಲ್ಲು ಬೆಳೆದ ದಾರಿಗಳು. ಬಲೆ ಹೆಣೆದ ಊರುಗಳು ಅಷ್ಟು ಹೊತ್ತಿಗೆ ಬಂದೂಕಿನ ದೊರೆಯ ದಾರಿ ಕಾಯುವ ಊರುಗಳಾಗಿದ್ದವು.

ಇತ್ತ ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆ ಮತ್ತು ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನು ಬಂದಿತು. 1931ರಲ್ಲಿ ಬಂಡೀಪುರದಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡು ಅಭಯಾರಣ್ಯವಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರುಗಳಿಗೆ ವಿಸ್ತರಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕರೆದರು. ಅರಸರ ದೂರದೃಷ್ಟಿಯನ್ನು ಕೊಂಡಾಡುವವರೊಡನೆ ನನ್ನದೂ ಒಂದು ದನಿ ಸೇರಲಿ. ಇಂದು ಆ ಕಾಡು ಉಳಿದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಕಾಯ್ದಿಟ್ಟ ಕಾಡೆಂದರೆ ಅರಮನೆಯ ಅತಿಥಿಗಳ ಬೇಟೆಗೆ ಕಾಯ್ದಿಟ್ಟ ಕಾಡೆಂಬ ಅರ್ಥವೂ ಅಂದು ಇತ್ತು. ದನ ಕಳೆದುಕೊಂಡವನ ಕೈಯ ಈಟಿ ಅಪರಾಧಕ್ಕೆ ಗುರಿಯಾಗಿ, ಮಚಾನಿನ ಮೇಲಿನ ಬಂದೂಕು ಗೌರವಕ್ಕೆ ಪಾತ್ರವಾಯಿತು.

ಸ್ವಾತಂತ್ರ್ಯಾನಂತರದ ಇಪ್ಪತ್ತೈದು ವರ್ಷಗಳು ಹುಲಿಯ ಪಾಲಿಗೆ ಬಹಳ ಕೆಟ್ಟವು. ಬೆಳೆ ಕಾಯಲೆಂದು ಕೊಟ್ಟ ಬಂದೂಕುಗಳು, ರಾತ್ರಿ ಜೀಪಿನಲ್ಲಿ ದೀಪ ಬಿಟ್ಟು ಹೊಡೆಯುವ ಪಟ್ಟಣದ ಬೇಟೆಗಾರರು, ಇವುಗಳ ಜೊತೆಗೆ ಹಸಿರು ಕ್ರಾಂತಿಯ ಬಳುವಳಿಯಾಗಿ ಫಾಲಿಡಾಲ್‌ನಂಥ ಕೀಟನಾಶಕಗಳೂ ಬಂದವು. ಹಿಂದೆ ಹುಲಿಯನ್ನು ಕೊಲ್ಲಲು ಒಂದು ಊರು ಬೇಕಾಗಿತ್ತು. ಈಗ ಒಂದು ಸೀಸೆ ಸಾಕಾಯಿತು. ಹುಲಿ ಕೊಂದ ದನವನ್ನು ಮತ್ತೆ ತಿನ್ನಲು ಬರುವುದೆಂಬುದು ದನಗಾಹಿಗಳಿಗೆಲ್ಲ ಗೊತ್ತಿರುವ ಸಂಗತಿ. ಆ ಮಾಂಸದ ಮೇಲೆ ಒಂದಿಷ್ಟು ಸುರಿದರೆ ಮುಗಿಯಿತು. ಇದರ ಮೇಲೆ 1968ರಲ್ಲಿ ದೊಡ್ಡ ರೋಗ ಬಂದು ಬಂಡೀಪುರದ ಕಾಟಿಗಳು ಹಿಂಡು ಹಿಂಡಾಗಿ ಸತ್ತವು. 1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಂದಿತು. 1972ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಲೆಕ್ಕ 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದು, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಒಂದಾಯಿತು.

ನಾನು ಹೆಗ್ಗಡದೇವನಕೋಟೆಯ ಕಡೆ ಪಾಠ ಹೇಳಲು ಹೋದದ್ದು ಇದಾದ ಕೆಲವು ವರ್ಷಗಳಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದು, ನೀರಿನಲ್ಲಿ ಮುಳುಗಿದ ಹಳ್ಳಿಗಳವರು ಕಾಡಿನ ಅಂಚಿನಲ್ಲಿ ಹೊಸದಾಗಿ ನೆಲೆ ಊರಿದ್ದರು. ಹಾಜರಿ ಪುಸ್ತಕ ನೋಡಿದರೆ ಸಾಕು, ಯಾವ ಊರಿನಲ್ಲಿ ಏನು ನಡೆದಿದೆಯೆಂದು ನನಗೆ ತಿಳಿಯುತ್ತಿತ್ತು. ಒಂದೇ ಊರಿನ ನಾಲ್ಕೈದು ಹುಡುಗರು ಒಟ್ಟಿಗೆ ತಪ್ಪಿಸಿಕೊಂಡರೆ ಆನೆ ಬಂದಿದೆ, ಹುಡುಗರು ಅಪ್ಪಂದಿರೊಡನೆ ಅಟ್ಟಣೆಯ ಮೇಲೆ ರಾತ್ರಿ ಕಳೆದು ನಿದ್ದೆಗೆಟ್ಟಿದ್ದಾರೆ ಎಂದರ್ಥ. ಒಬ್ಬನೇ ಹುಡುಗ ವಾರಗಟ್ಟಲೆ ಬಾರದಿದ್ದರೆ ಮನೆಯಲ್ಲಿ ಹಸುವೋ ಎತ್ತೋ ಹೋಗಿದೆ ಎಂದರ್ಥ. ಜೋಡಿ ಎತ್ತಿನಲ್ಲಿ ಒಂದು ಹೋದರೆ ಉಳಿದದ್ದರಿಂದ ಉಳುಮೆ ಸಾಗದು. ಬಾಡಿಗೆಗೆ ಎತ್ತು ತಂದರೆ ಅದಕ್ಕೆ ಬದಲಾಗಿ ಹುಡುಗನ ದುಡಿಮೆ. ಹೀಗೆ ಎಂಟನೆಯ ತರಗತಿಯಲ್ಲಿ ಒಬ್ಬ ಜಾಣ ಹುಡುಗ ಶಾಲೆ ಬಿಟ್ಟ. ಲೆಕ್ಕದಲ್ಲಿ ಅವನನ್ನು ಮೀರಿಸುವವರು ಆ ತರಗತಿಯಲ್ಲಿರಲಿಲ್ಲ. ಆ ಎತ್ತಿನ ಬೆಲೆ ಎಷ್ಟೆಂದು ಯಾವುದೋ ಕಚೇರಿಯ ನಮೂನೆಯಲ್ಲಿ ಬರೆದಿರಬಹುದು. ಹುಡುಗನ ಶಾಲೆಯನ್ನು ಬರೆದುಕೊಳ್ಳುವ ಅಂಕಣ ಅದರಲ್ಲಿ ಇರಲಿಲ್ಲ.

1972ರ ಕಾಯಿದೆಯನ್ನು ನಾನು ಟೀಕಿಸಹೊರಟಿಲ್ಲ. ಅದು ಬಾರದಿದ್ದರೆ ಇಂದು ಈ ಲೇಖನ ಡೈನೋಸಾರನ್ನು ಕುರಿತ ಲೇಖನದಂತಿರುತ್ತಿತ್ತು. ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದಾಗ ಅದು ಮಾಡಿದ ದೊಡ್ಡ ಬದಲಾವಣೆಯನ್ನು ಗುರುತಿಸಬೇಕು. ಮನುಷ್ಯರ ಜೀವಕ್ಕೆ ಅಪಾಯಕಾರಿಯಾದ ಹುಲಿಯನ್ನು ಹಿಡಿಯುವ ಅಥವಾ, ಬೇರೆ ದಾರಿಯೇ ಇಲ್ಲದಾಗ, ಕೊಲ್ಲುವ ನಿರ್ಧಾರ ಈಗ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದು. ಕಾಯಿದೆಯ 11ನೆಯ ಪ್ರಕರಣ ಆ ಅಧಿಕಾರವನ್ನು ಅವರಿಗೆ ಕೊಟ್ಟಿದೆ. ಹಳ್ಳಿಯವನಿಗೆ ಉಳಿದದ್ದು ಅರ್ಜಿ ಬರೆಯುವ ಹಕ್ಕು. ಹಿಂದೆ ಹುಲಿ ಯಾರದೂ ಆಗಿರಲಿಲ್ಲ, ಕಾಡಿನ ಪ್ರಾಣಿಯಾಗಿತ್ತು, ಹೆಚ್ಚೆಂದರೆ ದೇವರದಾಗಿತ್ತು. ಈಗ ಅದು ಸರ್ಕಾರದ್ದಾಯಿತು. ದೇವರ ಹುಲಿ ಹಸುವನ್ನು ತಿಂದರೆ ಹಣೆಬರಹವೆಂದು ಸುಮ್ಮನಾಗಬಹುದು. ಸರ್ಕಾರದ ಹುಲಿ ತಿಂದರೆ ಸುಮ್ಮನಾಗಲು ಸಾಧ್ಯವಿಲ್ಲ. ಮೇಲೆ ಹೇಳಿದ ನನ್ನ ವಿದ್ಯಾರ್ಥಿ ಇದನ್ನು ನನಗಿಂತ ಚೆನ್ನಾಗಿ ಹೇಳಿದ: “ಹುಲಿ ಅವರ್ದು, ಹಸ ನಮ್ದು ಸಾರ್. ಅವರ ಹುಲಿ ನಮ್ಮ ಹಸ ತಿಂದ್ರೆ ನಾವು ಅರ್ಜಿ ಬರೀಬೇಕು. ನಮ್ಮ ಹಸ ಅವರ ಕಾಡಿನ ಹುಲ್ಲು ತಿಂದ್ರೆ ಕೇಸು.”

ಹುಲಿ ಯೋಜನೆ ನಮ್ಮ ರಾಜ್ಯದಲ್ಲಿ ಗೆದ್ದಿತು ಎಂಬುದರಲ್ಲಿ ಸಂದೇಹವಿಲ್ಲ. 2006ರ ಅಂದಾಜಿನಲ್ಲಿ ಕರ್ನಾಟಕದಲ್ಲಿ 290 ಹುಲಿಗಳಿದ್ದವು. 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಹೆಜ್ಜೆ ಗುರುತು ಎಣಿಸುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು, ಪ್ರತಿ ಹುಲಿಯ ಮೈಮೇಲಿನ ಪಟ್ಟೆಗಳನ್ನು ಛಾಯಾಚಿತ್ರದಿಂದ ಗುರುತಿಸುವ ಕ್ರಮವನ್ನು ನಾಗರಹೊಳೆಯಲ್ಲಿ ರೂಢಿಗೆ ತಂದವರು ನಮ್ಮವರೇ ಆದ ಉಲ್ಲಾಸ ಕಾರಂತರು. ಒಂದು ಹುಲಿಗೆ ವರ್ಷಕ್ಕೆ ಸುಮಾರು ಐವತ್ತು ದೊಡ್ಡ ಪ್ರಾಣಿಗಳ ಆಹಾರ ಬೇಕೆಂದು ತಜ್ಞರು ಹೇಳುತ್ತಾರೆ. ಮರಿಗಳು ಎರಡು ವರ್ಷದ ಹೊತ್ತಿಗೆ ತಾಯಿಯನ್ನು ಬಿಟ್ಟು ಸ್ವಂತ ಸೀಮೆಯನ್ನು ಹುಡುಕಬೇಕು. ಒಳಗೆಲ್ಲ ಬಲಿಷ್ಠರು ಆಗಲೇ ನೆಲೆಸಿರುವುದರಿಂದ ಎಳೆಯವು ಅಂಚಿಗೆ ಬರುತ್ತವೆ. ಮುಪ್ಪಿನವು, ಕಾದಾಟದಲ್ಲಿ ಗಾಯಗೊಂಡವು ಸಹ ಅಂಚಿಗೇ ತಳ್ಳಲ್ಪಡುತ್ತವೆ. ಕಾಡು ತುಂಬಿದಷ್ಟೂ ಅಂಚಿನಲ್ಲಿ ಹುಲಿ ಕಾಣಿಸುವುದು ಹೆಚ್ಚು. ಆದ್ದರಿಂದ “ಕಾಡಿನಲ್ಲಿ ಆಹಾರವಿಲ್ಲದೆ ಹುಲಿ ಊರಿಗೆ ಬಂತು” ಎಂದು ಪತ್ರಿಕೆಗಳು ಪ್ರತಿ ಸಾರಿಯೂ ಬರೆಯುವ ವಾಕ್ಯ ಬಹಳಷ್ಟು ಸಲ ವಿಷಯವನ್ನು ತಲೆಕೆಳಗಾಗಿ ಹೇಳುತ್ತದೆ.

ಅಂಚಿನ ಇತ್ತ ಭಾಗವೂ ಸುಮ್ಮನಿರಲಿಲ್ಲ. ಗುಂಡ್ಲುಪೇಟೆ ಸೀಮೆಯ ದನಗಳ ಬಗೆಗೆ ಎಂ.ಡಿ. ಮಧುಸೂದನ್ ಎಂಬ ವಿಜ್ಞಾನಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿ ನಾನು ಬೆರಗಾಗಿದ್ದೇನೆ. ಸಗಣಿ ಗೊಬ್ಬರವನ್ನು ನಮ್ಮವರು ಹಿಂದೆ ಸ್ವಂತ ಹೊಲಕ್ಕೆ ಹಾಕುತ್ತಿದ್ದರು. ಕಾಫಿಯ ಬೆಲೆ ಏರಿದಾಗ ತೋಟದವರು ಹಣ ಕೊಟ್ಟು ಗೊಬ್ಬರ ಕೊಳ್ಳತೊಡಗಿದರು, ಲಾರಿಗಳಲ್ಲಿ ಅದು ತೋಟಗಳ ಕಡೆಗೆ ಹೋಗತೊಡಗಿತು. ಹಾಲು ಕೊಡದ, ಉಳುಮೆಗೆ ಬಾರದ ದನವೂ ಸಗಣಿ ಹಾಕಿದರೆ ಸಾಕು, ಲಾಭವೇ. ದನಗಳು ಹೆಚ್ಚಿದವು, ಅವೆಲ್ಲ ಮೇಯಲು ಹೋಗುವುದು ಕಾಡಿಗೇ. ಎಲ್ಲೋ ವಿದೇಶದ ಪೇಟೆಯಲ್ಲಿ ಕಾಫಿಯ ದರ ಏರಿದರೆ ಬಂಡೀಪುರದ ಹುಲ್ಲು ಕಡಿಮೆಯಾಗಿ ಹುಲಿಯ ಬಾಯಿಗೆ ದನ ಸಿಕ್ಕುತ್ತದೆ! ಅರ್ಥಶಾಸ್ತ್ರವನ್ನು ಇಷ್ಟು ಸೊಗಸಾಗಿ ಕಲಿಸುವ ಉದಾಹರಣೆ ನನ್ನ ಸೇವಾವಧಿಯಲ್ಲಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಇದೇ ವಿಜ್ಞಾನಿ ಭದ್ರಾ ಕಾಡಿನೊಳಗಿನ ಹಳ್ಳಿಗಳಲ್ಲಿ ನಷ್ಟದ ಲೆಕ್ಕ ಹಾಕಿದ್ದರು. ಕುಟುಂಬವೊಂದು ವರ್ಷಕ್ಕೆ ತನ್ನ ಜಾನುವಾರುಗಳಲ್ಲಿ ಶೇಕಡ 12ರಷ್ಟನ್ನು ಹುಲಿ ಚಿರತೆಗಳಿಗೂ, ಧಾನ್ಯದಲ್ಲಿ ಶೇಕಡ 11ರಷ್ಟನ್ನು ಆನೆಗೂ ಕಳೆದುಕೊಳ್ಳುತ್ತಿತ್ತು. ಸಿಕ್ಕುತ್ತಿದ್ದ ಪರಿಹಾರ ಅದರ ಒಂದು ಸಣ್ಣ ಅಂಶ ಮಾತ್ರ, ಅದೂ ತಡವಾಗಿ. ವರಮಾನ ತೆರಿಗೆ ಕಟ್ಟುವ ನನ್ನ ಬಂಧುಗಳು ಈ ಅಂಕಿಗಳನ್ನು ಒಂದು ಬಗೆಯ ತೆರಿಗೆಯೆಂದು ಭಾವಿಸಿ ನೋಡಬಹುದು. ದೇಶದ ಹುಲಿಗಾಗಿ ದೇಶದ ಅತ್ಯಂತ ಬಡವರು ಮೂಲದಲ್ಲೇ ಕಡಿತವಾಗಿ ಕೊಡುವ ತೆರಿಗೆ. ಆ ಹಳ್ಳಿಗಳವರು ತಾವಾಗಿಯೇ ಹೊರಗೆ ಜಮೀನು ಕೇಳಿದ್ದರು. 2001-02ರಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಂ.ಸಿ. ಹಳ್ಳಿ ಮತ್ತು ಕೆಳಗೂರುಗಳಿಗೆ ಸ್ಥಳಾಂತರಿಸಿದರು. ಹೀಗೆ ನಡೆದ ಕೆಲಸಗಳಲ್ಲಿ ಅದು ಉತ್ತಮವಾದದ್ದೆಂದು ಹೆಸರಾಯಿತು. ನಾಗರಹೊಳೆಯ ಜೇನುಕುರುಬರ ಅನುಭವ ಹಾಗಿಲ್ಲ. ಅದನ್ನು ಬರೆಯಲು ಬೇರೆಯೇ ಲೇಖನ ಬೇಕು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲಾದಾಗ ಅದೇ ವರ್ಷ ಸೋಲಿಗರಿಗೆ ಅರಣ್ಯದ ಮೇಲಿನ ಸಮುದಾಯದ ಹಕ್ಕುಗಳನ್ನೂ ಮಾನ್ಯ ಮಾಡಿದ್ದು ಮಾತ್ರ ಇಲ್ಲಿ ಹೇಳಲೇಬೇಕಾದ ಸಂಗತಿ.

ಚಿರತೆಯ ವಿಷಯ ಸ್ವಲ್ಪ ಬೇರೆ. ಅದಕ್ಕೆ ಕಾಡೇ ಬೇಕೆಂದಿಲ್ಲ. ನೀರಾವರಿ ಬಂದು ಕಬ್ಬು ಎದೆಯೆತ್ತರಕ್ಕೆ ಬೆಳೆದ ಕಡೆಯಲ್ಲೆಲ್ಲ ಅದಕ್ಕೆ ಮನೆ ಸಿದ್ಧವಾಯಿತು, ಊರಿನ ನಾಯಿಗಳು ಊಟವಾದವು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಹನ್ನೊಂದು ವರ್ಷದ ಬಾಲಕನೂ ಇದ್ದ, ಕಾಲೇಜು ವಿದ್ಯಾರ್ಥಿಗಳೂ ಇದ್ದರು. ಕಬ್ಬನ್ನು ಬೇಗ ಕಡಿಸಬೇಕೆಂದು ಆಗ ಅಧಿಕಾರಿಗಳು ಆದೇಶಿಸಿದ್ದು ನೆನಪಿರಬಹುದು. ಕಾವೇರಿ ಕಪಿಲೆಯರ ಸಂಗಮ ಕ್ಷೇತ್ರವದು, ಸುತ್ತಲೂ ಗದ್ದೆ. ಅಲ್ಲಿಯ ಅಜ್ಜಿಯರಿಗೆ ಮೃಗದ ಭಯವೆಂದರೇನೆಂದೇ ಗೊತ್ತಿರಲಿಲ್ಲ.

ಮತ್ತೆ ಹುಲಿಗೆ ಬರೋಣ. 2013ರ ಕೊನೆಯಲ್ಲಿ ಬಂಡೀಪುರದ ಉತ್ತರದ ಅಂಚಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಲವರು ಸತ್ತಾಗ ಜನ ರೊಚ್ಚಿಗೆದ್ದು ಅರಣ್ಯ ಇಲಾಖೆಯ ವಾಹನಗಳಿಗೆ ಬೆಂಕಿ ಇಟ್ಟರು. ಡಿಸೆಂಬರಿನಲ್ಲಿ ಹುಲಿಯನ್ನು ಹಿಡಿದು ಮೈಸೂರಿಗೆ ಸಾಗಿಸಲಾಯಿತು. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಬಳಿ ಇಬ್ಬರು ರೈತರು ಸತ್ತ ಬಳಿಕ ಸಾಕಾನೆಗಳೊಡನೆ ದಿನಗಟ್ಟಲೆ ಹುಡುಕಿ ಅಕ್ಟೋಬರಿನಲ್ಲಿ ಹುಲಿಯನ್ನು ಜೀವಂತ ಹಿಡಿದರು. 2025ರ ಸೆಪ್ಟೆಂಬರಿನಲ್ಲಿ ಅದೇ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ನಡೆದದ್ದು ಇನ್ನೂ ವಿಚಿತ್ರ. ದನಗಳನ್ನು ಕೊಲ್ಲುತ್ತಿದ್ದ ಹುಲಿಯನ್ನು ಹಿಡಿಯಲು ಇಲಾಖೆ ಏನೂ ಮಾಡುತ್ತಿಲ್ಲವೆಂದು ಸಿಟ್ಟಿಗೆದ್ದ ಊರವರು, ಹುಲಿಗಾಗಿ ಇಟ್ಟಿದ್ದ ಬೋನಿನೊಳಗೆ ಇಲಾಖೆಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಆ ಚಿತ್ರವನ್ನು ದೂರದರ್ಶನದಲ್ಲಿ ನೋಡಿ ನಕ್ಕವರು ಬಹಳ ಮಂದಿ. ನನಗೆ ನಗು ಬರಲಿಲ್ಲ. ನೂರೈವತ್ತು ವರ್ಷಗಳ ಹಿಂದೆ ಪೊದೆಯ ಸುತ್ತ ಬಲೆ ಹಿಡಿದು ನಿಂತಿದ್ದ ಊರೇ ಇದು. ಈಗ ಹುಲಿಯನ್ನು ಮುಟ್ಟುವಂತಿಲ್ಲವಾದ್ದರಿಂದ ಹುಲಿಯ ಯಜಮಾನನೆಂದು ಯಾರನ್ನು ತಿಳಿದಿದೆಯೋ ಅವನನ್ನು ಹಿಡಿದಿದೆ.

ಅದರಲ್ಲಿಯೂ ಒಂದು ಅನ್ಯಾಯವಿದೆ. ಬೋನಿಗೆ ಸಿಕ್ಕುವವನು ಎಂದೂ ನಿರ್ಧಾರ ಮಾಡುವವನಲ್ಲ. ಕಾವಲುಗಾರರು, ಕಳ್ಳಬೇಟೆ ತಡೆಯುವ ಶಿಬಿರಗಳಲ್ಲಿ ಇರುವವರು ಬಹುತೇಕ ಅಕ್ಕಪಕ್ಕದ ಹಳ್ಳಿ ಹಾಡಿಗಳವರೇ. ಹಲವರು ದಿನಗೂಲಿಯ ಅಥವಾ ಗುತ್ತಿಗೆಯ ನೌಕರರು. ನನ್ನ ಇಬ್ಬರು ವಿದ್ಯಾರ್ಥಿಗಳು ಆ ಕೆಲಸದಲ್ಲಿದ್ದವರು. ಅವರಲ್ಲೊಬ್ಬ, ಹುಲಿ ಕೊಂದ ತನ್ನ ಚಿಕ್ಕಪ್ಪನ ಹಸುವಿನ ಮಹಜರಿಗೆ ತಾನೇ ಸಾಕ್ಷಿಯಾಗಿ ಸಹಿ ಹಾಕಿದ್ದನ್ನು ನನಗೆ ಹೇಳಿದ್ದಾನೆ. ಮನೆಗೆ ಹೋದಾಗ ಚಿಕ್ಕಮ್ಮ ಊಟಕ್ಕೆ ಕರೆಯಲಿಲ್ಲವಂತೆ.

2025ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ವಾರದಲ್ಲಿ ಸರಗೂರು ಭಾಗದಲ್ಲಿ ಮೂವರು ರೈತರು ಹುಲಿಯ ದಾಳಿಗೆ ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸಲು ಆದೇಶಿಸಿ, ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ಸಫಾರಿಗೂ ಹುಲಿ ಹೊರಬರುವುದಕ್ಕೂ ಸಂಬಂಧವಿದೆಯೇ ಎಂಬ ಚರ್ಚೆ ಆಗ ಬಿಸಿಯಾಗಿ ನಡೆಯಿತು. ವಿಜ್ಞಾನದ ತೀರ್ಪು ಏನೇ ಇರಲಿ, ಹಳ್ಳಿಗರ ವಾದದಲ್ಲಿ ಒಂದು ನ್ಯಾಯವಿತ್ತು. ಹುಲಿಯನ್ನು ತೋರಿಸಿ ಗಳಿಸುವವರು ಬೇರೆ, ಹುಲಿಯನ್ನು ಸಾಕುವ ಖರ್ಚು ಹೊರುವವರು ಬೇರೆ. ಜೀವ ಹೋದರೆ ಕೊಡುವ ಪರಿಹಾರವನ್ನು 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದ್ದರು. ಹಸುವಿಗೆ ಸಿಕ್ಕುವ ಹಣ ಮಾತ್ರ ಸಂತೆಯಲ್ಲಿ ಇನ್ನೊಂದು ಹಸುವನ್ನು ತರಲು ಸಾಲುವುದಿಲ್ಲವೆಂಬುದು ನಾನು ವಿಚಾರಿಸಿದ ಎಲ್ಲರ ದೂರು.

ಈ ವ್ಯಾಜ್ಯದ ಅತ್ಯಂತ ದುಃಖದ ಅಧ್ಯಾಯ ನಡೆದದ್ದು 2025ರ ಜೂನ್ ತಿಂಗಳಲ್ಲಿ, ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ. 26ನೆಯ ತಾರೀಖು ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಪಕ್ಕದಲ್ಲಿ ಒಂದು ಹಸುವಿನ ಕಳೇಬರ. ಅದಕ್ಕೆ ವಿಷ ಹಾಕಲಾಗಿತ್ತು. ಮೂವರ ಬಂಧನವಾಯಿತು. ತನ್ನ ಹಸುವನ್ನು ಕೊಂದಿತೆಂಬ ಸಿಟ್ಟಿಗೆ ಹಸುವಿನ ಒಡೆಯನೇ ವಿಷ ಹಾಕಿದನೆಂದು ತನಿಖೆಯವರು ಹೇಳಿದರು. ಒಂದೇ ದಿನ ಐದು ಹುಲಿಗಳು ಹೀಗೆ ಸತ್ತ ಉದಾಹರಣೆ ನಮ್ಮ ರಾಜ್ಯದಲ್ಲಿ ನಾನು ಕೇಳಿರಲಿಲ್ಲ. ಆ ಮೂವರ ಕೃತ್ಯವನ್ನು ನಾನು ಸಮರ್ಥಿಸಲಾರೆ. ಮರಿಗಳ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಆದರೂ ಇತಿಹಾಸದ ಮೇಷ್ಟರಾಗಿ ಕೆಲವು ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡೆ. ಹಸು ಸತ್ತದ್ದಕ್ಕೂ ವಿಷ ಹಾಕಿದ್ದಕ್ಕೂ ನಡುವಿನ ಹೊತ್ತಿನಲ್ಲಿ ಆ ಮನುಷ್ಯ ಯಾರ ಹತ್ತಿರ ಹೋಗಬಹುದಾಗಿತ್ತು? ಕಟ್ಟುಪಾಡಿಗೆ ಸೇರುವ ಊರು ಈಗ ಇಲ್ಲ. ಬೆಟ್ಟದ ಕಚೇರಿ ಎಷ್ಟು ದೂರ, ಅಲ್ಲಿ ಅರ್ಜಿ ತೆಗೆದುಕೊಳ್ಳುವವರು ಯಾವ ಹೊತ್ತಿನಲ್ಲಿ ಇರುತ್ತಾರೆ, ಕಳೇಬರದ ಛಾಯಾಚಿತ್ರ ತೆಗೆಯಲು ಎಷ್ಟು ದಿನಕ್ಕೆ ಬರುತ್ತಾರೆ? ಹುಲಿ ತನ್ನ ಬೇಟೆಗೆ ಮರಳಿ ಬರಲು ಒಂದು ರಾತ್ರಿ ಸಾಕು.

ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಓದಿ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, ತಮ್ಮ ಊರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರುಸೆ ಈಗಲೂ ನಿಂತಿಲ್ಲ, ಹೋದ ವರ್ಷ ತಾನೂ ಹೋಗಿ ಹುಲಿವಾಹನದ ಸೇವೆ ಮಾಡಿಸಿಬಂದೆ ಎಂದ. ಆಮೇಲೆ ಕೊಟ್ಟಿಗೆಗೆ ಹಾಕಿಸುತ್ತಿರುವ ಕಬ್ಬಿಣದ ಬಾಗಿಲಿನ ಮಾತು ಬಂತು. ಬಾಗಿಲಿಗೆ ಇಪ್ಪತ್ತೆರಡು ಸಾವಿರ ಆಗುತ್ತದಂತೆ. ಮೇಲಿನ ಕಿಂಡಿಗೆ ಜಾಲರಿ ಹಾಕಿಸಬೇಕೋ ಬೇಡವೋ ಎಂಬುದನ್ನು ಅವನು ಇನ್ನೂ ತೀರ್ಮಾನಿಸಿರಲಿಲ್ಲ. ಹಾಕಿಸು ಎಂದು ಹೇಳಿದ್ದೇನೆ.